ಕಾಯಿಲೆ ಏನಿಲ್ಲವಾ, ಶುಗರ್ ಅಷ್ಟೆ

ಎಲ್ರೂ ಆರಾಮ ಅದೀರಾ?

ಹಿಂಗೆ ಕೇಳಿದ ಕೂಡ್ಲೆ ನೀವೆಲ್ಲ "ಹ್ಞೂಂ, ಆರಾಮ" ಅಂದಿರ್ತೀರಿ. ಮೊಣಕಾಲು ಹಿಡ್ಕಂಡು ಮೆಟ್ಲು ಹತ್ತೋರೂ ಅಂದಿರ್ತೀರಿ, ಮೂರು ದಿನದಿಂದ ತಲೆ ಸಿಡೀತಿರೋರೂ ಅಂದಿರ್ತೀರಿ. ನಮ್ಮ ದಾವಣಗೆರೆ, ಹರಿಹರದ ಕಡೆ ಅದೊಂದು ಮರ್ಯಾದೆ ಮಾತು. ಬೀಗರು ಕೇಳಿದ್ರೂ ಅದೇ, ತರಕಾರಿ ಗಾಡಿಯವ ಕೇಳಿದ್ರೂ ಅದೇ. ಅದ್ರಾಗೇನೂ ತಪ್ಪಿಲ್ಲ. ಆದ್ರೆ ಕೈಯಾಗೆ ಟ್ಯಾಬ್ ಹಿಡ್ಕಂಡು ಸರ್ಕಾರದ ಸರ್ವೆಗೆ ಬಂದೋರ ಮುಂದೂ ಅದೇ ಮಾತು ಹೇಳಿಬಿಡ್ತೀವಲ್ಲ, ಅಲ್ಲಿಂದ ದೇಶದ ಲೆಕ್ಕವೇ ಹೆಚ್ಚುಕಡಿಮೆ ಆಗಾಕೆ ಶುರುವಾಗ್ತೈತೆ. ಇವತ್ತು ಬರಿಯಾಕೆ ಕುಂತಿರೋದು ಆ ಲೆಕ್ಕದ ಬಗ್ಗೆ.

ಆರೋಗ್ಯದ ವಿಚಾರ ಕೇಳ್ಕಂಡು ಮನೆಮನೆಗೆ ಬರೋ ದೊಡ್ಡ ಸರ್ವೆ ಮುಖ್ಯವಾಗಿ ಎರಡು. ಒಂದು ರಾಷ್ಟ್ರೀಯ ಮಾದರಿ ಸಮೀಕ್ಷೆ, ಎನ್‌ಎಸ್‌ಎಸ್ ಅಂತಾರೆ. 1950ರಲ್ಲಿ ಶುರುವಾದದ್ದು. ಅದರ 75ನೇ ಸುತ್ತು ಆರೋಗ್ಯದ್ದೇ ಆಗಿತ್ತು, 2017ರ ಜುಲೈಯಿಂದ 2018ರ ಜೂನ್‌ವರೆಗೆ ನಡೀತು. ದೇಶದ ತುಂಬ 1,13,823 ಮನೆ, 5,55,115 ಜನರ ಲೆಕ್ಕ ಬರ್ಕಂಡ್ರು. ಇನ್ನೊಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಐದನೇ ಸುತ್ತಿಗೆ ನಮ್ಮ ಕರ್ನಾಟಕಕ್ಕೆ 2019ರ ಜುಲೈಯಿಂದ ಡಿಸೆಂಬರ್‌ವರೆಗೆ ಬಂದಿದ್ರು.

ಎನ್‌ಎಸ್‌ಎಸ್‌ನೋರು ಕೇಳೋ ಪ್ರಶ್ನೆಗಳಾಗೆ ಎರಡನ್ನ ನೆನಪಿಟ್ಕಳ್ರಿ. ಹೋದ ಹದಿನೈದು ದಿನದಾಗೆ ಮನೇಲಿ ಯಾರಿಗಾದ್ರೂ ಆರಾಮಿರಲಿಲ್ವಾ? ಹೋದ 365 ದಿನದಾಗೆ ಯಾರಾದ್ರೂ ಆಸ್ಪತ್ರೆಗೆ ಅಡ್ಮಿಟ್ ಆಗಿದ್ರಾ? 75ನೇ ಸುತ್ತಿನಾಗೆ ಮೊದಲನೇ ಪ್ರಶ್ನೆಗೆ ಹೌದು ಅನ್ನಿಸ್ಕಂಡೋರು ದೇಶದಾಗೆ ನೂರಕ್ಕೆ ಏಳೂವರೆ ಜನ. ಬರೀ ಏಳೂವರೆ! ನಮ್ಮ ಓಣೀಲಿ ಸುಮಾರು ನೂರು ಜನ ಇರಬೌದು. ಹದಿನೈದು ದಿನದಾಗೆ ಏಳೂವರೆ ಜನಕ್ಕೆ ಮಾತ್ರ ಆರಾಮಿಲ್ಲ ಅಂದ್ರೆ ಮೂಲೆ ಮೆಡಿಕಲ್ ಶಾಪಿನವ್ರು ಎಂದೋ ಬಾಗ್ಲು ಹಾಕ್ಕಂಡು ಹೋಗ್ತಿದ್ರು.

ಉಳಿದೋರು ಎಲ್ಲಿ ಹೋದ್ರು? ಇದನ್ನ ನಾನು ಹರಿಹರದಾಗೆ ನಮ್ಮ ಅತ್ತೆಯವರ ಮನೇಲಿ ಕಣ್ಣಾರೆ ನೋಡೀನಿ. ಒಂದು ಸರ್ವೆಗೆ ಅಂತ ಹುಡುಗಿ ಬಂದಿತ್ತು, ಪಾಪ ಬಿಸಿಲಾಗೆ ನಡ್ಕಂಡು. ನೀರು ಕೊಟ್ವಿ, ಕುಂತ್ಕಂಡು ಕೇಳ್ತು.

"ಅಜ್ಜೀ, ಕಾಯಿಲೆ ಏನಾದ್ರೂ ಐತಾ?"

"ಏನಿಲ್ಲವಾ, ಶುಗರ್ ಅಷ್ಟೆ."

"ಹದಿನೈದು ದಿನದಾಗೆ ಡಾಕ್ಟ್ರ ಹತ್ರ ಹೋಗಿದ್ರಾ?"

"ಇಲ್ಲ ತಾಯಿ, ನಾನೆಲ್ಲಿ ಹೋಗ್ಲಿ ಈ ಕಾಲ್ ಇಟ್ಕಂಡು."

ನಮ್ಮತ್ತೆ ಸುಳ್ಳು ಹೇಳೋ ಪೈಕಿ ಅಲ್ಲ. ಆದ್ರೆ ಆ ಹದಿನೈದು ದಿನದಾಗೆ ಅವ್ರು ಮೂರು ಸಲ ಓಣಿ ತುದೀಲಿ ಸೂಜಿ ಮಾಡೋ ಅಣ್ಣನ ಹತ್ರ ಹೋಗಿ ಬಂದಿದ್ರು. ಅತ್ತೆ ಲೆಕ್ಕದಾಗೆ ಡಾಕ್ಟ್ರು ಅಂದ್ರೆ ದಾವಣಗೆರೆ ದೊಡ್ಡಾಸ್ಪತ್ರೇಲಿ ಚೀಟಿ ಮಾಡಿಸಿ, ಸಾಲಿನಾಗೆ ಕುಂತು, ಆಮೇಲೆ ಸಿಗೋರು. ಐವತ್ತು ರೂಪಾಯಿ ತಗಂಡು ಸೂಜಿ ಚುಚ್ಚಿ ಕಳಿಸೋನು ಅಣ್ಣ. ಮೆಡಿಕಲ್ ಶಾಪಿನಾಗೆ "ಮೈಕೈ ನೋವಿಗೆ ಎರಡು ಮಾತ್ರೆ ಕೊಡಪ್ಪ" ಅಂತ ತಗಳೋದು ಬರೀ ಸಂತೆ ವ್ಯಾಪಾರ. ಅಮಾಸಿಗೆ ಉಕ್ಕಡಗಾತ್ರಿ ಅಜ್ಜಯ್ಯನ ಹತ್ರ ಹೋಗಿ ಬರೋದು ಭಕ್ತಿ. ಹಿಂಗೆ ಒಂದೊಂದಕ್ಕೆ ಒಂದೊಂದು ಹೆಸರು ಇಟ್ಕಂಡ್ರೆ "ಡಾಕ್ಟ್ರ ಹತ್ರ ಹೋಗಿದ್ರಾ" ಅನ್ನೋ ಪ್ರಶ್ನೆಗೆ "ಇಲ್ಲ" ಅನ್ನೋದೇ ಖರೆ ಉತ್ತರ ಆಗಿಬಿಡ್ತೈತೆ.

ಆ ಹುಡುಗಿ ಜಾಣೆ. ಅಷ್ಟಕ್ಕೇ ಬಿಡಲಿಲ್ಲ. "ಅಜ್ಜೀ, ನುಂಗೋ ಗುಳಿಗಿ ಎಲ್ಲಿಟ್ಟೀರಿ, ತೋರಿಸ್ರಿ ನೋಡಾಣ" ಅಂತು. ಅತ್ತೆ ಬಿಸ್ಕತ್ ಡಬ್ಬಿ ತಂದು ಚಾಪೆ ಮೇಲೆ ಸುರುವಿದ್ರು. ಏಳು ಥರದ ಗುಳಿಗಿ. ಶುಗರ್‌ಗೆ ಎರಡು, ಬಿ.ಪಿ.ಗೆ ಒಂದು, ಗ್ಯಾಸಿಗೆ, ಮೊಣಕಾಲಿಗೆ, ನಿದ್ದೆಗೆ, ಇನ್ನೊಂದು ಯಾತಕ್ಕೆ ಅಂತ ಅವ್ರಿಗೂ ಮರ್ತು ಹೋಗಿತ್ತು. ಬಾಯಿ ಹೇಳ್ದಿದ್ದನ್ನ ಡಬ್ಬಿ ಹೇಳ್ತು.

ಇದು ನಮ್ಮ ಅತ್ತೆ ಒಬ್ಬರ ಕಥೆ ಆಗಿದ್ರೆ ಬರಿಯಾಕೆ ಹೋಗ್ತಿರಲಿಲ್ಲ. ದಿಲ್ಲೀಲಿ ಜಿಷ್ಣು ದಾಸ್, ಜೆಫ್ರಿ ಹ್ಯಾಮರ್, ಕ್ಯಾರೊಲಿನಾ ಸಾಂಚೆಜ್-ಪರಾಮೊ ಅನ್ನೋ ಮೂವರು ಇದನ್ನೇ ಕೂಲಂಕಷ ನೋಡಿದ್ರು. 2000ದಿಂದ 2002ರವರೆಗೆ 1621 ಜನರನ್ನ ಬಿಡದೇ ಕೇಳ್ತಾ ಹೋದ್ರು. ಕೆಲವೊಮ್ಮೆ ವಾರಕ್ಕೊಮ್ಮೆ ಹೋಗಿ "ಈ ವಾರ ಹೆಂಗಿದ್ರಿ" ಅಂತ, ಕೆಲವೊಮ್ಮೆ ತಿಂಗಳಿಗೊಮ್ಮೆ ಹೋಗಿ "ಈ ತಿಂಗಳು ಹೆಂಗಿದ್ರಿ" ಅಂತ. ಆಮೇಲೆ 2008ರಲ್ಲಿ ಮತ್ತೆ ಎಂಟು ವಾರ ಕೇಳಿ ತಾಳೆ ನೋಡಿದ್ರು. ಎಷ್ಟು ದಿನದ್ದು ಕೇಳ್ತಾರೆ ಅನ್ನೋದ್ರ ಮೇಲೆ ಉತ್ತರ ಪೂರಾ ಬದಲಾಗ್ತಿತ್ತು. ಆರಾಮಿಲ್ಲದ ದಿನ, ಡಾಕ್ಟ್ರ ಹತ್ರ ಹೋದದ್ದು, ತಾವೇ ಮಾತ್ರೆ ತಗಂಡು ನುಂಗಿದ್ದು, ಕೂಲಿಗೆ ಹೋಗದೇ ಉಳಿದದ್ದು, ಎಲ್ಲಾ. ಅದ್ರಾಗೂ ಬಡವರ ಮನೇಲಿ ಈ ಮರೆವು ಜಾಸ್ತಿ. ವಾರಕ್ಕೊಮ್ಮೆ ಕೇಳಿದ್ರೆ ಬಡವರೇ ಉಳ್ಳವರಿಗಿಂತ ಹೆಚ್ಚು ಸಲ ಡಾಕ್ಟ್ರ ಹತ್ರ ಹೋಗ್ತಾರೆ ಅಂತ ಬರ್ತಿತ್ತು. ತಿಂಗಳಿಗೊಮ್ಮೆ ಕೇಳಿದ್ರೆ ಉಲ್ಟಾ, ಬಡವರು ಕಡಿಮೆ ಹೋಗ್ತಾರೆ ಅಂತ. ಅವೇ ಮಂದಿ, ಅವೇ ಜ್ವರ, ಕೇಳಿದ ರೀತಿ ಮಾತ್ರ ಬೇರೆ.

ಯಾಕೆ ಹಿಂಗೆ ಅನ್ನೋದಕ್ಕೆ ಅವ್ರು ಕೊಟ್ಟ ಕಾರಣ ನಮ್ಮಂಥ ಹೆಣ್ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಬಡವರಿಗೆ ಆರಾಮಿಲ್ಲದಿರೋದು ವಿಶೇಷ ಸಂಗತಿ ಆಗಿ ಉಳಿದಿರಲ್ಲ, ಅದು ದಿನದ ಬಾಳ್ವೆ ಆಗಿಬಿಟ್ಟಿರ್ತೈತೆ ಅಂತ ಅವ್ರ ಊಹೆ. ಮೊನ್ನೆ ಏನ್ ಸಾರು ಮಾಡಿದ್ದೆ ಅಂತ ಯಾರಾದ್ರೂ ನೆನಪಿಡ್ತಾರಾ? ಮದುವೆ ಮನೆ ಹೋಳಿಗೆ ನೆನಪಿರ್ತೈತೆ. ಸೊಂಟನೋವೂ ದಿನದ ಸಾರಿನಂಗೆ ಆಗಿಹೋಗಿರ್ತೈತೆ.

ನಾನೂ ಒಂದು ತಿಂಗಳು ಮನೇಲಿ ಪರೀಕ್ಷೆ ಮಾಡಿ ನೋಡ್ದೆ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಐತಲ್ಲ, ಅದೇ ಚೌಕದಾಗೆ ಯಾರು ಯಾವತ್ತು ಏನಕ್ಕೆ ಎಲ್ಲಿ ತೋರಿಸಿದ್ರು, ಎಷ್ಟು ಕೊಟ್ವಿ ಅಂತ ಪೆನ್ಸಿಲ್‌ನಾಗೆ ಗುರುತು ಹಾಕ್ತಾ ಬಂದೆ. ತಿಂಗಳು ಮುಗಿದ ಮೇಲೆ ಕ್ಯಾಲೆಂಡರ್ ತಿರುವಿ ಹಾಕಿ ನಮ್ಮನೆಯವ್ರನ್ನ ಕೇಳ್ದೆ, "ಈ ತಿಂಗಳು ಮನೇಲಿ ಎಷ್ಟು ಸಲ ಆಸ್ಪತ್ರೆ, ಔಷಧಿ ಅಂತ ಆತು ಹೇಳ್ರಿ." ಬಹಳ ಯೋಚನೆ ಮಾಡಿ "ಎರಡು" ಅಂದ್ರು. ಮಗನ ಹಲ್ಲು, ಅವ್ರದೇ ಕಣ್ಣು. ಕ್ಯಾಲೆಂಡರ್‌ನಾಗೆ ಒಂಬತ್ತು ಗುರುತು ಇದ್ವು. ಉಳಿದ ಏಳರಾಗೆ ಐದು ನಂದೇ.

ಮರೆವು ಒಂದೇ ಕಡೆ ಎಳೆಯಲ್ಲ, ಅದೂ ಒಂದು ಮಜಾ. ಸಣ್ಣದು ಜಾರಿಹೋಗ್ತೈತೆ, ದೊಡ್ಡದು ಹತ್ರ ಬರ್ತೈತೆ. ನಮ್ಮ ದೊಡ್ಡವ್ವಂಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿ ಎರಡು ವರ್ಷದ ಮೇಲಾತು. ಇವತ್ತೂ "ಹೋದ ವರ್ಷ ಆತಲ್ಲ" ಅಂತಾಳೆ. ಆ ನೋವು, ಆ ಖರ್ಚು ಕಣ್ಣಾಗೇ ಕುಂತೈತೆ, ಅದಕ್ಕೆ ನಿನ್ನೆ ಮೊನ್ನೆ ಆದಂಗೆ. 365 ದಿನದ ಲೆಕ್ಕದಾಗೆ ಹಿಂಗೆ ಹಳೇವು ಒಳಗೆ ನುಸುಳ್ತಾವೆ. ತಿಳಿದ ಸರ್ವೆಯವ್ರು ತಾರೀಖು ಕೇಳಿ ಸುಮ್ನಾಗಲ್ಲ, "ಹೋದ ಯುಗಾದಿಗಿಂತ ಮೊದ್ಲೋ ಆಮೇಲೋ? ಪಂಚಮಿಗೆ ಎದ್ದು ಓಡಾಡ್ತಿದ್ರಾ? ದುಗ್ಗಮ್ಮನ ಜಾತ್ರೆಗೆ ಬಂದಿದ್ರಾ?" ಅಂತ ಹಬ್ಬ ಹಿಡ್ದು ಕೇಳ್ತಾರೆ. ನಮಗೆ ತಾರೀಖು ಮರೀತೈತೆ, ಹಬ್ಬ ಮರಿಯಲ್ಲ.

ಇನ್ನು ಬಾಣಂತನದ್ದು ಕೇಳ್ರಿ. ಚೊಚ್ಚಲ ಹೆರಿಗೆ ತವರುಮನೇಲಿ ತಾನೆ? ಸ್ಕ್ಯಾನಿಂಗು, ಸಿಜೇರಿಯನ್ನು, ಬಾಣಂತಿ ಔಷಧಿ ಎಲ್ಲಾ ಅಪ್ಪನ ಜೇಬಿಂದ ಹೋಗಿರ್ತೈತೆ. ಎಷ್ಟೋ ಅಪ್ಪಂದಿರು ಬೀಗರ ಮುಂದೆ ಲೆಕ್ಕ ಎತ್ತೋದೂ ಇಲ್ಲ. ಆಮೇಲೆ ಸರ್ವೆಯವ್ರು ಗಂಡನ ಮನೆ ಬಾಗ್ಲಿಗೆ ಬಂದು "ಹೆರಿಗೆಗೆ ಎಷ್ಟು ಖರ್ಚಾತು" ಅಂದ್ರೆ ಅಲ್ಲಿ ಕಟ್ಟೆ ಮೇಲೆ ಕುಂತ ಮಾವ "ನಮಗೇನೂ ಆಗಿಲ್ಲರಿ" ಅಂತಾರೆ. ಅವ್ರಿಗೆ ಆಗಿಲ್ಲ, ಅದು ನಿಜ. ದುಡ್ಡು ಮಾತ್ರ ಆಸ್ಪತ್ರೆಗೆ ಹೋಗೈತೆ.

ಸತ್ತೋರ ಲೆಕ್ಕ ಇನ್ನೂ ಕಷ್ಟ. ಎನ್‌ಎಸ್‌ಎಸ್‌ನೋರು ವರ್ಷದೊಳಗೆ ತೀರ್ಕಂಡೋರ ಆಸ್ಪತ್ರೆ ವಿಚಾರಾನೂ ಕೇಳ್ತಾರೆ. ಮನುಷ್ಯರ ಕೊನೇ ತಿಂಗಳಿನಾಗೇ ಎಷ್ಟೋ ಮನೇಲಿ ಬಂಗಾರ ಬ್ಯಾಂಕಿಗೆ ಹೋಗೋದು, ಅದಕ್ಕೇ ಕೇಳ್ತಾರೆ. ಆದ್ರೆ ಆ ದಿನಗಳನ್ನ ತಿರುಗಿ ತೆಗೆದು ಗೊತ್ತಿಲ್ಲದೋರ ಮುಂದೆ ಹೇಳಾಕೆ ಯಾರಿಗೆ ಬಾಯಿ ಬರ್ತೈತೆ? "ಇರೋರ ಹೆಸರು ಬರ್ಕಳವ್ವ, ಹೋದೋರದು ಯಾಕೆ" ಅಂದುಬಿಡ್ತೀವಿ.

ಈಗ ಹೇಳಬೇಕಾದ ಮುಖ್ಯ ಮಾತಿಗೆ ಬರ್ತೀನಿ. ಇದನ್ನ ಬರೀಲಾ ಬ್ಯಾಡಾ ಅಂತ ನಮ್ಮ ವಾರಗಿತ್ತಿ ಅಕ್ಕನ್ನೇ ಕೇಳ್ದೆ. "ಬರಿ, ನಾಕು ಹೆಣ್ಮಕ್ಕಳಿಗೆ ಗೊತ್ತಾಗ್ಲಿ, ಹೆಸರು ಹಾಕಬ್ಯಾಡ" ಅಂದ್ರು.

ಆ ಹುಡುಗಿ ಬಂದ ದಿನ ಅತ್ತೆದು ಮುಗಿದ ಮೇಲೆ ಮನೆಯವ್ರ ಎಲ್ಲರದೂ ಕೇಳ್ತು. ಬಾವ ಅವ್ರು ಬಾಗ್ಲಾಗೇ ನಿಂತು ಉತ್ತರ ಹೇಳ್ತಾ ಹೋದ್ರು. ಅಕ್ಕನ ಹೆಸರು ಬಂದಾಗ "ಅಕಿಗೇನೂ ಇಲ್ಲರಿ, ಗಟ್ಟಿ ಅದಾಳ" ಅಂದ್ರು. ಅಕ್ಕ ಒಳಗೆ ರೊಟ್ಟಿ ಬಡೀತಿದ್ರು. ಬಡಿಯೋ ಸಪ್ಪಳ ನಿಲ್ಲಲಿಲ್ಲ. ಹುಡುಗಿ ಬರ್ಕಂಡು ಹೋತು.

ಸಂಜೆ ನಾನು ಅವ್ರು ಇಬ್ರೇ ಪಾತ್ರೆ ತೊಳಿಯೋವಾಗ ಅಕ್ಕ ಕಟ್ಟೆ ಹಿಡ್ಕಂಡು ಕುಂತುಬಿಟ್ರು. ಮುಖ ಸುಣ್ಣ ಆಗಿತ್ತು. ಕೇಳಿದ್ರೆ ಎಂಟು ತಿಂಗಳಿಂದ ಮುಟ್ಟು ಹತ್ತು ಹನ್ನೆರಡು ದಿನ ನಿಲ್ತಿಲ್ಲ ಅಂತ. "ಮಧ್ಯಾಹ್ನ ಆ ಹುಡುಗಿ ಕೇಳ್ತಲ್ಲ ಅಕ್ಕಾ, ಯಾಕ ಹೇಳಲಿಲ್ಲ ನೀವು?" ಅಂದೆ.

"ಅವ್ರು ಕೇಳಿದ್ದು ಕಾಯಿಲೆ ಐತೇನು ಅಂತ. ಇದು ಕಾಯಿಲೆ ಅಂತ ನನಗ್ಯಾರು ಹೇಳಿದ್ರು? ವಯಸ್ಸಿಗೆ ಆಗ್ತೈತಿ ಅಂತಿದ್ರಲ್ಲ ಎಲ್ರೂ" ಅಂದ್ರು.

ಮರುದಿನ ದಾವಣಗೆರೆಗೆ ಕರ್ಕಂಡು ಬಂದೆ. ರಕ್ತ ಪರೀಕ್ಷೆ ಮಾಡಿದ್ರೆ ಆರು ಪಾಯಿಂಟ್. ಗರ್ಭಕೋಶದಾಗೆ ಗಡ್ಡೆ. ಎರಡು ಬಾಟಲಿ ರಕ್ತ ಕೊಟ್ಟು, ಆಮೇಲೆ ಆಪರೇಷನ್ ಮಾಡಿದ್ರು. ಇನ್ನೊಂದೆರಡು ತಿಂಗಳು ತಡ ಆಗಿದ್ರೆ ಹೃದಯಕ್ಕೆ ತೊಂದರೆ ಆಗ್ತಿತ್ತು ಅಂದ್ರು ಡಾಕ್ಟ್ರು. ಬಾವ ಆಸ್ಪತ್ರೆ ಬೆಂಚಿನ ಮೇಲೆ ಕುಂತು ಕಣ್ಣೀರು ಹಾಕಿದ್ರು. ಅವ್ರೇನು ಮುಚ್ಚಿಡಲಿಲ್ಲ, ಅವ್ರಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನ ಅವ್ರ ಬಾಯಿಂದ ಬರೆಸ್ಕಂಡ್ರೆ ಆ ಕಾಗದದಾಗೆ ಅಕ್ಕ ಗಟ್ಟಿ ಇದ್ದಂಗೇ ಉಳೀತಾರೆ. ದೇಶದ ನೂರಕ್ಕೆ ತೊಂಬತ್ತೆರಡೂವರೆ ಆರಾಮಿದ್ದೋರಾಗೆ ಹಿಂಗೆ ಒಳಗೆ ರೊಟ್ಟಿ ಬಡೀತಿದ್ದೋರು ಎಷ್ಟು ಮಂದಿ ಅದಾರೋ ಅಂತ ಆವತ್ತಿಂದ ಯೋಚನೆ ಮಾಡ್ತೀನಿ.

ಇದು ಇವತ್ತಿನದಲ್ಲ. 1943ರ ಬಂಗಾಳದ ಬರಗಾಲ ಆದ ಮರುವರ್ಷ ಕಲ್ಕತ್ತಾ ಹತ್ರದ ಸಿಂಗೂರಿನಾಗೆ ಒಂದು ಸರ್ವೆ ಮಾಡಿದ್ರು. ಹೆಂಡತಿ ಕಳಕಂಡ ಗಂಡಸರನ್ನ, ಗಂಡನ್ನ ಕಳಕಂಡ ಹೆಂಗಸರನ್ನ ಆರೋಗ್ಯ ಹೆಂಗೈತೆ ಅಂತ ಕೇಳಿದ್ರೆ ಗಂಡಸರಾಗೆ ನೂರಕ್ಕೆ 48.5 ಜನ "ಆರಾಮಿಲ್ಲ" ಅಥವಾ "ಅಷ್ಟಕ್ಕಷ್ಟೆ" ಅಂದ್ರು. ಹೆಂಗಸರಾಗೆ ಹಂಗಂದೋರು ನೂರಕ್ಕೆ 2.5. ಅದ್ರಾಗೂ "ಅಷ್ಟಕ್ಕಷ್ಟೆ" ಅಂದ ಒಬ್ಬ ಹೆಂಗಸೂ ಇರಲಿಲ್ಲ. ಬರಗಾಲದಾಗೆ ಗಂಡನ್ನ ಕಳಕಂಡು ಮಕ್ಕಳ ಹೊಟ್ಟೆ ನೋಡ್ಕಂಡ ಆ ತಾಯಂದಿರು ಗಂಡಸರಿಗಿಂತ ಗಟ್ಟಿ ಇದ್ರು ಅಂತ ನಂಬಾಕೆ ಆಗ್ತೈತಾ? ಅಮರ್ತ್ಯ ಸೇನ್ ಅವ್ರು ಈ ಲೆಕ್ಕ ಎತ್ತಿ ತೋರಿಸಿ, ಜನ ತಮ್ಮ ಆರೋಗ್ಯದ ಬಗ್ಗೆ ಬಾಯಲ್ಲಿ ಹೇಳೋದನ್ನ ಹಂಗೇ ನಂಬಿದ್ರೆ ಮೋಸ ಹೋಗ್ತೀವಿ ಅಂದ್ರು. ಅವ್ರೇ ಇನ್ನೊಂದು ಮಾತು ಹೇಳ್ತಾರೆ. ಕೇರಳದಾಗೆ ಜನ ಬಹಳ ವರ್ಷ ಬಾಳ್ತಾರೆ, ಆದ್ರೆ ಸರ್ವೇಲಿ "ಆರಾಮಿಲ್ಲ" ಅನ್ನೋರೂ ಅಲ್ಲೇ ಜಾಸ್ತಿ. ಬಿಹಾರದಾಗೆ ಆಯಸ್ಸು ಕಡಿಮೆ, ಆರಾಮಿಲ್ಲ ಅನ್ನೋರೂ ಕಡಿಮೆ. ಓದು ಬರಹ ಇದ್ದು, ಹತ್ರ ಆಸ್ಪತ್ರೆ ಇದ್ದು, ಹೋದ್ರೆ ನೋಡ್ತಾರೆ ಅನ್ನೋ ನಂಬಿಕೆ ಇದ್ದಾಗ ಮಾತ್ರ ನೋವಿಗೆ ಕಾಯಿಲೆ ಅನ್ನೋ ಹೆಸರು ಬರ್ತೈತೆ.

ಅದಕ್ಕೇ ಕುಟುಂಬ ಆರೋಗ್ಯ ಸಮೀಕ್ಷೆಯವ್ರು ಬಾಯಿಮಾತು ಒಂದನ್ನೇ ನಂಬ್ಕಂಡು ಕುಂದ್ರಲ್ಲ. ಹೆಣ್ಮಕ್ಕಳನ್ನ ಹೆಣ್ಮಕ್ಕಳೇ ಬಂದು ಕೇಳ್ತಾರೆ. ಮಗುವಿನ ಲಸಿಕೆ ಕೇಳುವಾಗ ಕಾರ್ಡ್ ತೋರಿಸಿ ಅಂತಾರೆ, ಇಲ್ಲದಿದ್ರೆ ಮಾತ್ರ ತಾಯಿ ನೆನಪು. ಐದನೇ ಸುತ್ತಿನಾಗೆ ಬೆರಳು ಚುಚ್ಚಿ ರಕ್ತ ನೋಡಿದ್ರು, ಬಿ.ಪಿ., ಶುಗರ್ ಅಳೆದ್ರು. 2019ರಲ್ಲಿ ಹಂಗೆ ಅಳೆದಿದ್ದಕ್ಕೇ ಗೊತ್ತಾಗಿದ್ದು, ನಮ್ಮ ಕರ್ನಾಟಕದಾಗೆ 15ರಿಂದ 49 ವರ್ಷದ ಹೆಣ್ಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ ರಕ್ತ ಕಡಿಮೆ ಅಂತ. ಹತ್ರಹತ್ರ ಅರ್ಧ! ಬಾಯಲ್ಲಿ ಕೇಳಿದ್ರೆ ಇವ್ರೆಲ್ಲ ಏನಂತಿದ್ರು? "ಸ್ವಲ್ಪ ಸುಸ್ತು, ಅಷ್ಟೆ."

ನಮ್ಮ ಮಗ್ಗಲ ಮನೆಯವ್ರು ಕೇಳಿದ್ರು, "ನಾವ್ ಏನ್ ಹೇಳಿದ್ರೇನು, ಅವ್ರು ಬರ್ಕಂಡು ಹೋಗ್ತಾರೆ, ನಮಗೇನು ಬರ್ತೈತೆ?" ಅಂತ. ಬರೋದು ಐತೆ ನೋಡ್ರಿ. ದೇಶದ ಜನ ಔಷಧಿ, ಆಸ್ಪತ್ರೆಗೆ ತಮ್ಮ ಜೇಬಿಂದ ಎಷ್ಟು ಹಾಕ್ತಾರೆ ಅಂತ ಸರ್ಕಾರ ರಾಷ್ಟ್ರೀಯ ಆರೋಗ್ಯ ಲೆಕ್ಕ ತೆಗೆಯುವಾಗ ಈ ಎನ್‌ಎಸ್‌ಎಸ್ ಉತ್ತರಗಳನ್ನೇ ಬಳಸ್ತಾರೆ. ನಾವು "ಖರ್ಚೇನಿಲ್ಲ" ಅಂದ್ರೆ ಆ ಅಂಕಿ ಇಳೀತೈತೆ, ಜನಕ್ಕೆ ಹೊರೆ ಕಮ್ಮಿ ಆತು ಅಂತ ಕಾಣ್ತೈತೆ. ಸೂಜಿ ಅಣ್ಣಂಗೆ ಕೊಟ್ಟ ಐವತ್ತು ಯಾವ ಬಿಲ್ಲಿನಾಗೂ ಇಲ್ಲ, ಯಾವ ರಿಜಿಸ್ಟರ್‌ನಾಗೂ ಇಲ್ಲ. ಅದು ಲೆಕ್ಕಕ್ಕೆ ಬರಾಕೆ ನಮ್ಮ ಬಾಯಿ ಒಂದೇ ದಾರಿ.

ಹೆದರಿಕೆನೂ ಇರ್ತೈತೆ, ಗೊತ್ತು. ಖರ್ಚು ಜಾಸ್ತಿ ಹೇಳಿದ್ರೆ ರೇಷನ್ ಕಾರ್ಡ್ ಹೋಗ್ತೈತೇನೋ ಅಂತ. ಕೊರೋನಾ ಕಾಲದಾಗೆ ಜ್ವರ ಅಂದ್ರೆ ಎಲ್ಲಿ ಕರ್ಕಂಡು ಹೋಗ್ತಾರೋ ಅಂತ ಎಷ್ಟು ಮನೆಯವ್ರು ಆಶಾ ಅಕ್ಕಾರ ಮುಂದೆ ಕೆಮ್ಮು ನುಂಗ್ಕಂಡು ನಿಂತಿದ್ರು! ಅಂಕಿಅಂಶ ಸಂಗ್ರಹ ಕಾಯ್ದೆ ಅಂತ 2008ರದ್ದು ಒಂದೈತೆ. ಅದರಡಿ ಕೊಟ್ಟ ಮಾಹಿತಿಯನ್ನ ಅಂಕಿಅಂಶದ ಕೆಲಸಕ್ಕೆ ಬಿಟ್ರೆ ಬೇರೆದಕ್ಕೆ ಬಳಸಂಗಿಲ್ಲ. ಆದ್ರೂ ಬಂದೋರ ಗುರುತಿನ ಚೀಟಿ ಕೇಳಿ ನೋಡ್ರಿ, ಅದು ನಮ್ಮ ಹಕ್ಕು. ಓಟಿಪಿ, ಬ್ಯಾಂಕ್ ಪಾಸ್‌ಬುಕ್ ಕೇಳಿದ್ರೆ ಬಾಗ್ಲು ಹಾಕ್ಕಳ್ರಿ. ಆರೋಗ್ಯದ ಲೆಕ್ಕಕ್ಕೆ ಓಟಿಪಿ ಬ್ಯಾಡ.

ಉಳಿದಂಗೆ ನಾವು ಮನೇಲಿ ಮಾಡಬೌದಾದ್ದು ಸಣ್ಣ ಸಣ್ಣದು. ಹಾಲಿನ ಕ್ಯಾಲೆಂಡರ್‌ನಾಗೇ ಆರಾಮಿಲ್ಲದ ದಿನಾನೂ ಗುರುತು ಹಾಕ್ರಿ, ಮುಟ್ಟಿನ ದಿನಾನೂ ಹಾಕ್ರಿ. ಸರ್ವೆಗೆ ಅಷ್ಟೇ ಅಲ್ಲ, ಡಾಕ್ಟ್ರು "ಎಷ್ಟು ದಿನದಿಂದ" ಅಂದಾಗ ತಡವರಿಸೋದು ತಪ್ತೈತೆ. ಆಸ್ಪತ್ರೆ ಚೀಟಿ, ತಾಯಿ ಕಾರ್ಡ್, ಮೆಡಿಕಲ್ ಬಿಲ್ಲು ಎಲ್ಲಾ ಒಂದೇ ಕವರಿನಾಗೆ ಹಾಕಿ, ಗುಳಿಗಿ ಡಬ್ಬಿ ಪಕ್ಕ ಇಡ್ರಿ. "ಡಾಕ್ಟ್ರ ಹತ್ರ ಹೋಗಿದ್ರಾ" ಅಂದ್ರೆ ಸೂಜಿ ಅಣ್ಣಾನೂ ಹೇಳ್ರಿ, ಮೆಡಿಕಲ್ ಶಾಪೂ ಹೇಳ್ರಿ, ನಾಟಿ ಔಷಧೀನೂ ಹೇಳ್ರಿ. ಯಾವ್ದನ್ನ ಎಲ್ಲಿ ಬರ್ಕಬೇಕು ಅನ್ನೋದು ಅವ್ರಿಗೆ ಬಿಟ್ಟದ್ದು.

ಎಲ್ಲಕ್ಕಿಂತ ಹೆಚ್ಚಿಗೆ, ನಿಮ್ಮ ಹೆಸರು ಬಂದಾಗ ಒಲೆ ಸಣ್ಣ ಮಾಡಿ ಹೊರಗೆ ಬರ್ರಿ. ಗಂಡಸರ ಮುಂದೆ ಹೇಳಾಕೆ ಮುಜುಗರ ಆದ್ರೆ ಆ ಹುಡುಗೀನ ಒಳಗೆ ಕರೀರಿ, ಅಡುಗೆಮನೇಲಿ ಮಣೆ ಹಾಕಿ ಕುಂದ್ರಿಸ್ರಿ. ನಮ್ಮ ಅಕ್ಕ ಈಗ ಎದ್ದು ಓಡಾಡ್ತಾರೆ, ಕಬ್ಬಿಣದ ಗುಳಿಗಿ ನುಂಗ್ತಾರೆ, ಭಾರ ಎತ್ತಂಗಿಲ್ಲ. ಮುಂದಿನ ಸಲ ಯಾರಾದ್ರೂ ಟ್ಯಾಬ್ ಹಿಡ್ಕಂಡು ಬಂದ್ರೆ ತಮ್ಮ ಉತ್ತರ ತಾವೇ ಹೇಳ್ತಾರಂತೆ. ಬಾವಂಗೂ ಹೇಳಿಟ್ಟಾರೆ, "ನಿಮ್ಮದು ನೀವು ಹೇಳ್ರಿ, ನನ್ನದು ನಾ ಹೇಳ್ತೀನಿ" ಅಂತ.